ಎಡಗಡೆಯ ಸೀಟು

ಹಳೆಯ ಕಾರೋಟಗಾರರ ಸನ್ಮಾನಕ್ಕೆಂದು ಫೋನಿಗೆ ಬಂದ ಕರೆಯೋಲೆಯಲ್ಲಿ ವೆಂಕಟರತ್ನಂನ ಹೆಸರು ಮೇಲೆ, ತನ್ನ ಹೆಸರು ಅದರ ಕೆಳಗೆ ಯಾಕೆ ಎಂಬುದು ಹನುಮಂತರಾಯನಿಗೆ ಹಲ್ಲುಜ್ಜುವಾಗಲೂ ಹೊಳೆಯಲಿಲ್ಲ, ಸ್ನಾನ ಮಾಡುವಾಗಲೂ ಹೊಳೆಯಲಿಲ್ಲ. ಅಕ್ಷರಮಾಲೆಯ ಪ್ರಕಾರ ವ ಮೊದಲು, ಹ ಕಡೆಗೆ, ಅದು ಸರಿ. ಆದರೆ ಸಿಂಧನೂರಿನ ಆ ವೀರೇಶ, ಬೈಕ್ ಅಂಗಡಿ ಇಟ್ಟುಕೊಂಡು ಬಿಡುವಿನಲ್ಲಿ ಹಳೆಯ ಕಾರುಗಳ ಹುಚ್ಚು ಹಚ್ಚಿಕೊಂಡವನು, ಅಕ್ಷರಮಾಲೆ ನೋಡಿ ಹೆಸರು ಹಾಕುವಷ್ಟು ಸಾವಧಾನದ ಮನುಷ್ಯನೇ? ಯಾರೋ ಹೇಳಿಕೊಟ್ಟಿರಬೇಕು. ಇಲ್ಲವೇ ವೆಂಕಟರತ್ನಂ ತಾನೇ ಫೋನ್ ಮಾಡಿ, ನನ್ನ ಹೆಸರು ಮೇಲೆ ಇರಲಿ ಎಂದಿರಬೇಕು. ಸಾರಥಿ ಯಾರು, ಪಕ್ಕದಲ್ಲಿ ಕೂತವನು ಯಾರು ಎಂಬುದು ಇಂದಿನವರಿಗೆ ಹೇಗೆ ಗೊತ್ತಾಗಬೇಕು. ಲಿಂಗಸುಗೂರಿನ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಹನುಮಂತರಾಯ ತನ್ನ ಮುಂದೆ ಬಂದ ಒಂದು ಅರ್ಜಿಯನ್ನೂ ಅದು ಹೇಳಿದಂತೆ ನಂಬಿದವನಲ್ಲ. ಉಳುವವನು ಉಳುತ್ತೇನೆಂದರೆ ಯಾರ ಹೊಲ ಎಂದು ಕೇಳಿದವನು, ಸತ್ತವನ ಹೆಂಡತಿ ಗಂಡ ಸತ್ತನೆಂದರೆ ಯಾವಾಗ ಎಂದು ಕೇಳಿದವನು. ಕುರ್ಚಿ ಹೋದ ಮೇಲೆ ಆ ಚಾಳಿ ಮನೆಗೆ ಬಂದು ಹಾಲಿನ ಪಾತ್ರೆ, ಔಷಧದ ಅಂಗಡಿ, ಅಳಿಯನ ನಗು, ಎಲ್ಲದರ ಮೇಲೂ ಕೂತಿತ್ತು. ಇದು ಅವನಿಗೇ ಗೊತ್ತಿತ್ತು, ಗೊತ್ತಿದ್ದರಿಂದ ಏನೂ ಕಡಿಮೆಯಾಗಿರಲಿಲ್ಲ.

“ಮುಂಜಾನಿಂದ ಏನ್ ನೋಡಾಕತ್ತೀರಿ ಅದನ್ನ?” ಹೆಂಡತಿ ಗಂಗಾದೇವಿ ತಟ್ಟೆ ಇಡುತ್ತಾ ಕೇಳಿದಳು. “ಹೋಗೂದಿದ್ರ ಹೋಗ್ರಿ, ಇಲ್ಲಾಂದ್ರ ಬರಂಗಿಲ್ಲಂತ ಫೋನ್ ಹಚ್ರಿ.”

“ಅವನೂ ಬರಾಕತ್ಯಾನ.”

“ಬರ್ಲಿ. ಒಂದ ಗಾಡ್ಯಾಗ ಕುಂತ ಮಂದಿ ನೀವು. ಅವರೂ ಮುದುಕಾಗ್ಯಾರ, ನೀವೂ ಮುದುಕಾಗೀರಿ. ಇನ್ನೇನು ಉಳದದ?”

ಉಳಿದದ್ದು ಒಂದೇ. ಅದನ್ನು ಹೆಂಡತಿಗೆ ಹೇಳಲಿಲ್ಲ, ಹೇಳಿದರೆ ಅವಳು ತಲೆ ಚಚ್ಚಿಕೊಳ್ಳುತ್ತಾಳೆ. ಅಂದು ಗೊರೇಬಾಳದ ಹತ್ತಿರ, ಕಾಲುವೆಯ ತಿರುವಿನಲ್ಲಿ ನಿನ್ನನ್ನು ಮಾರಿಕೊಂಡೆ ಎಂಬ ಮಾತನ್ನು ವೆಂಕಟರತ್ನಂನ ಬಾಯಿಂದ ಒಮ್ಮೆ ಕೇಳಬೇಕು. ಕ್ಷಮೆ ಬೇಡ, ಅಳು ಬೇಡ. ಹೌದು ಎಂದರೆ ಸಾಕು. ಹೌದು ಎನ್ನಿಸಿಕೊಳ್ಳದೆ ಸತ್ತರೆ ತಾನು ಇಷ್ಟು ವರ್ಷ ಬರೀ ಸಂಶಯದ ಪ್ರಾಣಿಯಾಗಿ ಬದುಕಿದ ಹಾಗಾಗುತ್ತದೆ ಎಂಬ ಹೆದರಿಕೆ ಈಚೆಗೆ ಅವನಿಗೆ ಹತ್ತಿಕೊಂಡಿತ್ತು.

ಕಡೆಗೂ ಹೊರಟ. ಲಿಂಗಸುಗೂರು ದಾಟುವಾಗ ಕಾರಿನ ಕಿಟಕಿಯ ಗಾಜು ಇಳಿಸಿದ. ಗಾಳಿ ಮುಖಕ್ಕೆ ಹೊಡೆಯಿತು, ಆದರೆ ಇದು ಆ ಗಾಳಿಯಲ್ಲ, ಇದು ಮನೆತನಸ್ಥರ ಗಾಳಿ. ಹರೆಯದಲ್ಲಿ ಅವನೂ ವೆಂಕಟರತ್ನಂನೂ ಕಟ್ಟಿದ ಆ ಕಾರಿಗೆ ಛಾವಣಿಯೇ ಇರಲಿಲ್ಲ. ಸರಕಾರಿ ಹರಾಜಿನಲ್ಲಿ ಸಿಕ್ಕ ಮುರುಕು ಫಿಯಾಟನ್ನು ತಂದು, ಟ್ರಂಕು ಡಬ್ಬಿ ಮಾಡುತ್ತಿದ್ದ ದಾದೇಸಾಬನ ಅಂಗಳದಲ್ಲಿ ನಿಲ್ಲಿಸಿ, ಮೇಲಿನದೆಲ್ಲ ಕತ್ತರಿಸಿ ಹಾಕಿ, ತಗಡು ಬಡಿದು ಬಡಿದು ಅದಕ್ಕೊಂದು ಉದ್ದ ಮೂತಿ ಬರಿಸಿದ್ದರು. ಸ್ಪೋರ್ಟ್ಸ್ ಕಾರು ಎಂದು ಇವರಿಬ್ಬರು ಹೇಳುತ್ತಿದ್ದರು, ಊರವರು ಮೊಸಳೆ ಎನ್ನುತ್ತಿದ್ದರು. ಮದರಾಸಿನ ಹತ್ತಿರ ಶೋಲಾವರಂನಲ್ಲಿ ರೇಸು ನಡೆಯುತ್ತದೆಂದು ಯಾವುದೋ ಪತ್ರಿಕೆಯಲ್ಲಿ ನೋಡಿ, ರೈಲು ಹತ್ತಿ ಇಬ್ಬರೂ ಹೋಗಿ ಬಿಸಿಲಲ್ಲಿ ನಿಂತು ನೋಡಿ ಬಂದಿದ್ದರು. ಬರುವಾಗ ರೈಲಿನಲ್ಲಿ ಜಾಗ ಸಿಗದೆ ಬಾಗಿಲಲ್ಲಿ ಕೂತು, ಬಾಯಲ್ಲೇ ಗೇರು ಬದಲಿಸುತ್ತ ಬಂದಿದ್ದರು. ಆಗ ರತ್ನಂ ಅವನನ್ನು ರಾಯಾ ಎನ್ನುತ್ತಿದ್ದ, ಇವನು ರತ್ನಂನನ್ನು ಲೇ ರತ್ನಾ ಎನ್ನುತ್ತಿದ್ದ. ಕಾಲುವೆಗೆ ನೀರು ಬಂದ ಕಾಲಕ್ಕೆ ಆಂಧ್ರದಿಂದ ಬಂದು ಸಿಂಧನೂರಿನ ಸುತ್ತ ಕ್ಯಾಂಪು ಹಾಕಿಕೊಂಡು ಭತ್ತ ಬೆಳೆದವರ ಮನೆಯ ಹುಡುಗ ಅವನು. ಆದರೂ ಲಿಂಗಸುಗೂರಿನಲ್ಲಿ ಓದಿದ್ದರಿಂದ ಇವನ ಹಾಗೆಯೇ ಕನ್ನಡ ಆಡುತ್ತಿದ್ದ; ಇವನಿಗೆ ತೆಲುಗು ಬಾರದೆಂದು ಇವನೆದುರು ತನ್ನ ತಾಯಿಯ ಜೊತೆ ಕೂಡ ಕನ್ನಡದಲ್ಲೇ ಮಾತಾಡುತ್ತಿದ್ದ. ಆ ತಾಯಿ ನಗುತ್ತಿದ್ದಳು. ಅದೂ ಒಂದು ನಾಟಕವಾಗಿತ್ತೇ ಎಂದು ಹನುಮಂತರಾಯ ಆಮೇಲೆ ಬಹಳ ಸಲ ಯೋಚಿಸಿದ್ದ. ಯಾಕೆಂದರೆ ತನಗೆ ತಿಳಿಯದ ಮಾತು ಅವನ ಹತ್ತಿರ ಒಂದಿದೆ ಎಂಬುದನ್ನು ಇಷ್ಟು ಚೆನ್ನಾಗಿ ಮರೆಸಿದವನು ಇನ್ನೇನನ್ನು ಮರೆಸಲಾರ?

ಹೈದರಾಬಾದಿನ ಹವ್ಯಾಸಿಗಳ ಒಂದು ಕ್ಲಬ್ಬಿನವರು ಆ ವರ್ಷ ಈ ಕಡೆ ಓಟ ಇಟ್ಟಿದ್ದರು. ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು, ಅಲ್ಲಿಂದ ಕಾಲುವೆಯ ಒಳದಾರಿಗಳಲ್ಲಿ ಸುತ್ತಿ ಮತ್ತೆ ಲಿಂಗಸುಗೂರು. ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಸುತ್ತುತ್ತಲೇ ಇರಬೇಕು. ಜೋರು ಓಡಿದವನು ಗೆಲ್ಲುವ ಓಟವಲ್ಲ ಅದು, ಕಡೆಯ ತನಕ ಕೆಡದೆ ಓಡಿದವನು ಗೆಲ್ಲುವ ಓಟ. ಎಂಜಿನ್ನು ತಡೆದರೂ ಮನುಷ್ಯ ತಡೆಯಬೇಕಲ್ಲ. ಮೇಲೆ ಛಾವಣಿ ಇಲ್ಲ, ಮುಂದೆ ಗೇಣುದ್ದದ ಗಾಜು, ಬಾಯಿ ತೆರೆದರೆ ಧೂಳು. ಎಡಗಡೆಯ ಸೀಟಿನಲ್ಲಿ ಕೂತ ರತ್ನಂ ಮುಂದಿನ ತಿರುವನ್ನು ಕೂಗಿ ಹೇಳಬೇಕು, ಮತ್ತು ಗಂಟಲು ಒಣಗದ ಹಾಗೆ ಆಗಾಗ ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿದ ನೀರಿನ ಬಾಟಲಿಯನ್ನು ಇವನ ಕೈಗೆ ಕೊಡಬೇಕು. ಆ ಗಾಳಿಯ ಸದ್ದಿನಲ್ಲಿ ಉದ್ದ ಮಾತು ಕೇಳಿಸುವುದಿಲ್ಲ. ಎಡಕ್ಕ, ಬಲಕ್ಕ, ಸೀದಾ, ಕುಡಿ. ಇಡೀ ದಿನ ಅವರ ನಡುವೆ ಇದ್ದದ್ದು ಈ ಮಾತುಗಳು. ಎಂಥ ಸಂತೋಷವಾಗಿತ್ತು ಆ ದಿನ. ಜೀವನದಲ್ಲಿ ಇನ್ನೊಬ್ಬ ಮನುಷ್ಯನ ಮಾತನ್ನು ಯೋಚನೆ ಮಾಡದೆ ಕೈಗಳಿಗೆ ದಾಟಿಸಿದ್ದು ಅದೊಂದೇ ಸಲ ಎಂದು ಹನುಮಂತರಾಯನಿಗೆ ಅನ್ನಿಸಿತು, ಅನ್ನಿಸಿದ ಕೂಡಲೇ ಸಿಟ್ಟು ಬಂತು.

ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದ ಹೊತ್ತು. ಅವರ ಮುಂದೆ ಇದ್ದದ್ದು ಒಂದೇ ಕಾರು, ಸಿಂಧನೂರಿನ ಅಕ್ಕಿ ಗಿರಣಿಯ ಅಯ್ಯಪ್ಪನದು. ಅವನನ್ನು ಹಿಡಿಯಲು ಒಂದೇ ಸುತ್ತು ಉಳಿದಿತ್ತು. ಗೊರೇಬಾಳದ ಹತ್ತಿರ ದಾರಿ ಕಾಲುವೆಗೆ ಬಂದು ಮುಟ್ಟುತ್ತದೆ. ಬಲಕ್ಕೆ ಹೊರಳಿದರೆ ದಾರಿ, ಹೊರಳದಿದ್ದರೆ ಕಾಲುವೆಯ ಕಲ್ಲುಕಟ್ಟೆ. ಹಿಂದಿನ ಸುತ್ತುಗಳಲ್ಲಿ ಅಲ್ಲಿ ಇನ್ನೊಂದು ದಾರಿಯಿಂದ ಬಂದಿದ್ದರು. ಯಾರೋ ಭತ್ತದ ಗಾಡಿ ಅಡ್ಡ ನಿಲ್ಲಿಸಿದ್ದರಿಂದ ಈ ಸಲ ಮಾತ್ರ ಈ ಕಡೆಯಿಂದ. ಮುಂದೆ ಹೋದ ಅಯ್ಯಪ್ಪನ ಧೂಳು ಗೋಡೆಯ ಹಾಗೆ ನಿಂತಿತ್ತು. ಆ ಧೂಳಿನೊಳಗೆ ರತ್ನಂನ ದನಿ ಕೇಳಿಸಿತು: ಕುಡಿ, ಕುಡಿ. ಹನುಮಂತರಾಯ ಸ್ಟೇರಿಂಗಿನಿಂದ ಎಡಗೈ ತೆಗೆದು ಬಾಟಲಿಗೆ ಚಾಚಿದ. ಅಲ್ಲಿ ಬಾಟಲಿ ಇರಲಿಲ್ಲ. ಆಮೇಲೆ ಕಲ್ಲು. ಕಾರಿನ ಎಡಭಾಗ ಮುದ್ದೆಯಾಯಿತು, ರತ್ನಂನ ಎಡಗೈ ಆ ಮುದ್ದೆಯೊಳಗೆ ಸಿಕ್ಕಿತು. ಹನುಮಂತರಾಯನಿಗೆ ಹಣೆ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ತಿರುಗಿ ಬಂದು ರತ್ನಂನನ್ನು ಆಸ್ಪತ್ರೆಗೆ ಸಾಗಿಸಿದವನು ಅಯ್ಯಪ್ಪ. ಗೆದ್ದವನೂ ಅಯ್ಯಪ್ಪನೇ. ಕೈ ಕೂಡಿದ ಮೇಲೆ, ಸೊಟ್ಟಗೆ ಕೂಡಿದ ಮೇಲೆ, ರತ್ನಂಗೆ ತನ್ನ ಟ್ರ್ಯಾಕ್ಟರ್ ಅಂಗಡಿಯಲ್ಲಿ ಕೆಲಸ ಕೊಟ್ಟವನು ಕೂಡ ಅಯ್ಯಪ್ಪನೇ. ರತ್ನಂ ಅಯ್ಯಪ್ಪನ ಕಡೆ ಸೇರಿದ್ದ ಎಂಬುದಕ್ಕೆ ಒಬ್ಬ ಶಿರಸ್ತೇದಾರನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇನು? ತಿರುವಿನಲ್ಲಿ, ಅದೂ ಆ ತಿರುವಿನಲ್ಲಿ, ಯಾವ ದಾರಿ ಹೇಳುವವನು ನೀರು ಕುಡಿ ಎನ್ನುತ್ತಾನೆ? ತನ್ನ ಕೈಯೇ ಹೋಗುತ್ತದೆಂದು ರತ್ನಂ ಎಣಿಸಿರಲಿಲ್ಲ, ಗದ್ದೆಗೆ ಇಳಿದು ನಿಲ್ಲುತ್ತೇವೆ ಎಂದುಕೊಂಡಿದ್ದ, ಅಷ್ಟೇ.

ಜಗಳ ಆಡಲಿಲ್ಲ. ಆಸ್ಪತ್ರೆಗೆ ಒಮ್ಮೆ ಹೋದ. ರತ್ನಂ ಜ್ವರದಲ್ಲಿ ಕಣ್ಣು ಮುಚ್ಚಿ ‘ನೊಪ್ಪಿ, ನೊಪ್ಪಿ’ ಎಂದು ನರಳುತ್ತಿದ್ದ, ಅಯ್ಯಪ್ಪ ಮಂಚದ ಹತ್ತಿರ ಬಗ್ಗಿ ತೆಲುಗಿನಲ್ಲಿ ಏನೋ ಕೇಳುತ್ತಿದ್ದ, ಇವನನ್ನು ನೋಡಿ ಮಾತು ನಿಲ್ಲಿಸಿದ. ಅಷ್ಟು ಸಾಕಾಯಿತು. ಮತ್ತೆ ಹೋಗಲಿಲ್ಲ. ಆಮೇಲೆ ಎಲ್ಲಿಯಾದರೂ ಆ ಓಟದ ಮಾತು ಬಂದರೆ ಹನುಮಂತರಾಯ ದನಿ ತಗ್ಗಿಸಿ, ಇವತ್ತು ಅದನ್ನೆಲ್ಲ ಯಾಕೆ ಕೆದಕುತ್ತೀರಿ ಎನ್ನುತ್ತಿದ್ದ. ದನಿ ತಗ್ಗಿಸಿದರೆ ಜನ ಹತ್ತಿರ ಬರುತ್ತಾರೆಂದು ಅವನಿಗೆ ಗೊತ್ತಿತ್ತು. ರತ್ನಂನ ಮಗಳನ್ನು ನೋಡಲು ಹೊರಟಿದ್ದ ಒಂದು ಮನೆಯವರು ಲಿಂಗಸುಗೂರಿನಲ್ಲಿ ಇವನನ್ನು ವಿಚಾರಿಸಿದ್ದರು. “ಆ ಮನಷ್ಯಾನ ಬಗ್ಗೆ ನಾ ಏನೂ ಹೇಳೂದಿಲ್ಲ ಬಿಡ್ರಿ” ಎಂದಿದ್ದ. ಅದು ಸುಳ್ಳೇನಲ್ಲ, ಅವನು ಏನೂ ಹೇಳಿರಲಿಲ್ಲ. ಆ ಮನೆಯವರು ಮುಂದೆ ಸಿಂಧನೂರಿಗೆ ಹೋಗಲಿಲ್ಲ.

ಮಸ್ಕಿಯಲ್ಲಿ ಗಾಡಿ ಬದಿಗೆ ಹಾಕಿ ಚಾ ಹೇಳಿದ. ಗುಡ್ಡದ ಕಡೆಯಿಂದ ಬಿಸಿಲು ಆಗಲೇ ಚುರುಕಾಗಿತ್ತು. ಅಂಗಡಿಯವನು ಕೊಟ್ಟ ಗಾಜಿನ ಲೋಟವನ್ನು ಅಂಚಿನಲ್ಲಿ ಹಿಡಿದು, ತೊಳೆದದ್ದೋ ಇಲ್ಲವೋ ಎಂದು ಬೆಳಕಿಗೆ ಎತ್ತಿ ನೋಡುತ್ತಾ ನಿಂತ. ಎದುರಿಗೆ ಭತ್ತ ಕೊಯ್ಯುವ ಯಂತ್ರ ಹೇರಿಕೊಂಡ ಆಂಧ್ರದ ಲಾರಿಯೊಂದು ರಸ್ತೆಗೆ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು. ತಲೆಗೆ ಟವೆಲ್ ಸುತ್ತಿದ ನಡುವಯಸ್ಸಿನವನೊಬ್ಬ ಲಾರಿಯ ಹಿಂದೆ ನಿಂತು, ಅದರ ಪಕ್ಕೆಗೆ ಕೈ ಬಡಿಯುತ್ತಾ ಡ್ರೈವರನಿಗೆ ಕೂಗಿದ: “ಕುಡಿ, ಕುಡಿ, ಕುಡಿ.” ಹನುಮಂತರಾಯ ಲೋಟ ಬಾಯಿಗೆ ಇಟ್ಟ. ಚಾ ನಾಲಿಗೆ ಸುಟ್ಟಿತು. ಸುಟ್ಟ ನಾಲಿಗೆಯನ್ನು ಹೊರಗೆ ಹಾಕಿಕೊಂಡು ನೋಡುತ್ತಿದ್ದಾನೆ, ಲಾರಿಯ ಮುಂದಿನ ಗಾಲಿಗಳು ನಿಧಾನವಾಗಿ ಬಲಕ್ಕೆ ಹೊರಳುತ್ತಿವೆ.

“ಅವ ಏನನ್ನಾಕತ್ಯಾನ?” ಎಂದು ಅಂಗಡಿಯವನನ್ನು ಕೇಳಿದ.

“ಬಲಕ್ಕ ಹೊಡಿ ಅಂತಾನ್ರಿ. ತೆಲುಗು ಮಂದಿ.”

ಅದೇನು ಹನುಮಂತರಾಯನಿಗೆ ಗೊತ್ತಿಲ್ಲದ ಮಾತೇ? ಕಚೇರಿಗೆ ಕ್ಯಾಂಪಿನವರು ಬರುತ್ತಿದ್ದರು, ಎಡಕ್ಕೆ ಎಡಮ, ಬಲಕ್ಕೆ ಕುಡಿ ಎಂಬುದು ಕಿವಿಗೆ ಬಿದ್ದೇ ಇತ್ತು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದ. ಆದರೆ ಯಾರೂ ಕೇಳಿರಲಿಲ್ಲ, ತಾನಂತೂ ಕೇಳಿಕೊಂಡಿರಲಿಲ್ಲ. ರತ್ನಂ ತನ್ನ ಜೊತೆ ತೆಲುಗು ಆಡುತ್ತಿರಲಿಲ್ಲ, ಆದ್ದರಿಂದ ಆ ಧೂಳಿನಲ್ಲಿ ಬಂದ ಮಾತು ಕನ್ನಡವೇ ಆಗಿರಬೇಕು. ಅಷ್ಟಕ್ಕೇ ಕಡತ ಮುಚ್ಚಿಬಿಟ್ಟಿದ್ದ. ಲಾರಿ ಹೋಯಿತು, ಬಸ್ಸುಗಳು ಹೋದವು. ಲೋಟದ ಚಾ ಆರಿ ಕೆನೆ ಕಟ್ಟಿತು. ಅವನು ಅದನ್ನು ಮರದ ಬುಡಕ್ಕೆ ಚೆಲ್ಲಿ ಗಾಡಿ ಹತ್ತಿದ.

ಸಿಂಧನೂರಿನ ದಾರಿಯುದ್ದಕ್ಕೂ ಅವನು ಆ ಮಾತನ್ನು ಅತ್ತಿತ್ತ ಉರುಳಿಸಿದ. ಮೊದಲು ಅದನ್ನೇ ಸಂಶಯಪಟ್ಟ. ಇವತ್ತೇ, ಈ ಹೊತ್ತಿಗೇ, ತನ್ನ ಎದುರೇ ಆ ಲಾರಿ ಯಾಕೆ ಸಿಕ್ಕಿಕೊಳ್ಳಬೇಕು? ಆಮೇಲೆ ನಗು ಬಂತು. ಲಾರಿಯನ್ನೂ ರತ್ನಂ ಕಳಿಸಿದನೇ? ಹಾಗಾದರೆ ಆಸ್ಪತ್ರೆಯ ಆ ನೊಪ್ಪಿ ಎಂದರೆ ಏನು? ಅದೂ ಬರೀ ನೋವು. ಜೀವಕ್ಕೆ ಬಂದಾಗ ಮನುಷ್ಯನ ಬಾಯಿಗೆ ತಾಯಿಯ ಮಾತು ಬರುತ್ತದೆ. ಕಲ್ಲುಕಟ್ಟೆ ಕಂಡಾಗ ಬಂದದ್ದು ಅದೇ, ಮಂಚದ ಮೇಲೆ ಬಂದದ್ದೂ ಅದೇ. ಅಯ್ಯಪ್ಪ ಬಗ್ಗಿ ಕೇಳುತ್ತಿದ್ದದ್ದು ಎಲ್ಲಿ ನೋಯುತ್ತದೆ ಎಂದಿರಬೇಕು. ಕೆಲಸ ಕೊಟ್ಟದ್ದು ಕೈ ಹೋದವನಿಗೆ ಯಾರಾದರೂ ಕೊಡುವಂಥದೇ ಇರಬೇಕು. ಒಂದು ಎಳೆ ಜಗ್ಗಿದರೆ ಇಡೀ ಚೀಲದ ಹೊಲಿಗೆ ಬಿಚ್ಚಿಕೊಳ್ಳುವ ಹಾಗೆ ಎಲ್ಲ ಬಿಚ್ಚಿಕೊಂಡು ಬಂತು. ಆಗ ಅವನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ರತ್ನಂನ ಮಗಳನ್ನು ನೋಡದೆ ಬಿಟ್ಟ ಆ ಮನೆಯವರ ನೆನಪು ಬಂತು. ಆಕೆಗೆ ಬೇರೆ ಕಡೆ ಮದುವೆಯಾಗಿ ಮಕ್ಕಳೂ ಆಗಿದ್ದಾರೆ ಎಂದು ಯಾರೋ ಹೇಳಿದ್ದರು, ಅದನ್ನೇ ಈಗ ಗಟ್ಟಿಯಾಗಿ ಹಿಡಿದುಕೊಂಡ. ಹೇಳಿಬಿಡಬೇಕು. ಹೌದು ಎನ್ನಿಸಿಕೊಳ್ಳಲು ಹೊರಟವನು ಈಗ ಹೇಳಲು ಹೋಗುತ್ತಿದ್ದ: ಲೇ ರತ್ನಾ, ಒಂದು ಮಾತಿನ ಸಲುವಾಗಿ ಹಿಂಗಾತಲ್ಲೋ. ರತ್ನಂ ಬಾಯಿ ತೆರೆದು ನಗುತ್ತಾನೆ, ಬಾಗಿಲಲ್ಲಿ ಕೂತು ಮದರಾಸಿನಿಂದ ಬಂದ ಹಾಗೆ ಇಬ್ಬರೂ ನಗುತ್ತಾರೆ. ಇನ್ನೆಷ್ಟು ದಿನ ಇರುತ್ತದೋ ಜೀವ, ಒಬ್ಬ ಗೆಳೆಯ ತಿರುಗಿ ಸಿಗುತ್ತಾನೆ. ಇಷ್ಟು ಆಸೆಯನ್ನು ಅವನು ಬಹಳ ವರ್ಷಗಳಿಂದ ಪಟ್ಟಿರಲಿಲ್ಲ.

ಸಭಾಂಗಣದಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಜನ ಅರ್ಧಕ್ಕಿಂತ ಕಡಿಮೆ. ವೀರೇಶ ಓಡಿ ಬಂದು ಕೈ ಹಿಡಿದು, “ಬರ್ರಿ ಸರ್, ಹನುಮಂತಪ್ಪ ಸರ್” ಎಂದ. ತಿದ್ದಲು ಮನಸ್ಸಾಗಲಿಲ್ಲ. ವೇದಿಕೆಯ ಮೇಲೆ ವೆಂಕಟರತ್ನಂ ಆಗಲೇ ಕೂತಿದ್ದ: ಬಿಳಿ ಅಂಗಿ, ಬೋಳು ತಲೆ, ಮೊಣಕೈಯಲ್ಲಿ ಮಡಿಚಿದ ಎಡಗೈ ತೊಡೆಯ ಮೇಲೆ. ಎದ್ದು ನಿಂತು ಬಲಗೈಯೊಂದನ್ನೇ ಎದೆಗೆ ತಂದು, “ನಮಸ್ಕಾರ್ರೀ ರಾಯ್ರ, ಆರಾಮದೀರಿ?” ಎಂದ. ರಾಯಾ ಎಂಬುದು ರಾಯ್ರ ಆಗಿತ್ತು, ಅದರ ಬೆನ್ನಿಗೆ ರೀ ಹತ್ತಿತ್ತು. ಅದು ವಯಸ್ಸಿಗೆ ಕೊಟ್ಟ ಮರ್ಯಾದೆ ಎಂದು ಹನುಮಂತರಾಯ ತನಗೆ ತಾನೇ ಹೇಳಿಕೊಂಡ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆದರು. ಫೋಟೋದವನು ಇವನನ್ನು ಸ್ವಲ್ಪ ಹಿಂದೆ ಸರಿಯಿರಿ ಎಂದ. ವೀರೇಶ ಮೈಕಿನಲ್ಲಿ ಇವರ ಕಾರು, ಇವರ ಧೈರ್ಯ, ಇಬ್ಬರ ನಡುವಿನ ನಂಬಿಕೆ ಎಂದು ದೊಡ್ಡ ದೊಡ್ಡ ಮಾತು ಆಡಿದ. ನಂಬಿಕೆ ಎಂದಾಗ ಹನುಮಂತರಾಯ ಹಾರದ ಹೂವು ಹರಿಯುತ್ತಾ ಕೂತ. ವೆಂಕಟರತ್ನಂಗೆ ಮೈಕು ಕೊಟ್ಟರು. “ಆವತ್ತ ಧೂಳು ಭಾಳ ಇತ್ತ್ರಿ, ದಾರಿ ಸರಿ ಇರ್ಲಿಲ್ಲ. ರಾಯ್ರು ಚಲೋ ಡ್ರೈವರ್” ಎಂದಷ್ಟೇ ಹೇಳಿ ಅವನು ಮೈಕು ವಾಪಸು ಕೊಟ್ಟ. ಆ ಮಾತು ಉದಾರವಾಗಿತ್ತು. ಉದಾರವಾದದ್ದರ ಹಿಂದೆ ಏನಿದೆ ಎಂದು ಹಳೆಯ ಚಾಳಿ ತಲೆ ಎತ್ತಿತು, ಹನುಮಂತರಾಯ ಅದನ್ನು ಗದರಿಸಿ ಕೂರಿಸಿದ.

ಊಟಕ್ಕೆ ಹೊರಗೆ ಬೇವಿನ ಮರದ ಕೆಳಗೆ ಮೇಜು ಹಾಕಿದ್ದರು. ವೆಂಕಟರತ್ನಂ ಗುಂಪಿನಿಂದ ದೂರ, ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದ. ತಟ್ಟೆ ಜಾರದ ಹಾಗೆ ಸೊಟ್ಟ ಕೈಯ ಮಣಿಕಟ್ಟನ್ನು ಅದರ ಅಂಚಿಗೆ ಒತ್ತಿಕೊಂಡಿದ್ದ. ಇಷ್ಟು ವರ್ಷ ದಿನಾ ಹೀಗೆಯೇ ಉಣ್ಣುತ್ತಾನೆ. ಹನುಮಂತರಾಯ ಪಕ್ಕದಲ್ಲಿ ಕೂತ. ತನ್ನ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

“ರತ್ನಂ, ಆವತ್ತ ಕಾಲುವಿ ಹತ್ರ ನೀ ಏನಂದಿ?”

ವೆಂಕಟರತ್ನಂ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ಬಲಕ್ಕ ಅಂದ್ನಿ.”

“ಕುಡಿ ಅಂದಿ.”

“ಏನು?”

“ಬಲಕ್ಕ ಅನ್ನಲಿಲ್ಲ, ಕುಡಿ ಅಂದಿ. ನಿಮ್ಮ ತೆಲುಗಿನ್ಯಾಗ. ನಾ ನೀರು ಕುಡಿ ಅಂದಿ ಅಂತ ತಿಳ್ಕೊಂಡೆ. ಬಾಟಲಿಗೆ ಕೈ ಚಾಚಿದೆ. ಇಷ್ಟ ಆಗಿದ್ದು.” ಹೇಳಿ ಮುಗಿಸಿ ಹನುಮಂತರಾಯ ನಕ್ಕ. ಇನ್ನು ಅವನು ನಗುತ್ತಾನೆ ಎಂದು ಕಾದ.

ವೆಂಕಟರತ್ನಂ ಅವನ ಮುಖವನ್ನೇ ನೋಡಿದ. ಆ ನೋಟ ಹನುಮಂತರಾಯನಿಗೆ ಪರಿಚಯದ್ದು. ಮೇಜಿನ ಈಚೆ ಕೂತು ತಾನೇ ಎಷ್ಟೋ ಜನರನ್ನು ಹಾಗೆ ನೋಡಿದ್ದ.

“ನಾ ನಿಮ್ಮ ಕೂಡ ಯಾವಾಗರ ತೆಲುಗು ಮಾತಾಡೀನೇನ್ರಿ?”

“ಇಲ್ಲ. ಆದ್ರ ಆ ಹೊತ್ತಿನ್ಯಾಗ ಬಾಯಿಗಿ ಬಂದದ.”

“ಹಂಗ ಅಂದದ್ದು ನನಗ ನೆನಪಿಲ್ಲ. ಬಲಕ್ಕ ಅಂದೀನಿ. ಎರಡು ಸಲ ಅಂದೀನಿ.” ಅವನು ನೀರು ಕುಡಿದ. “ಇದು ನಿಮಗ ಯಾವಾಗ ಗೊತ್ತಾತು?”

“ಇವತ್ತ. ಮಸ್ಕ್ಯಾಗ. ಚಾ ಕುಡ್ಯಾಕ ನಿಂತಿದ್ದೆ, ಒಂದು ಲಾರಿ…”

“ಇವತ್ತ,” ಎಂದ ವೆಂಕಟರತ್ನಂ. “ಶಾಲು ಹಾಕಿಸ್ಕೊಳ್ಳಾಕ ಬರೂ ದಾರ್ಯಾಗ.”

ಅದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ, ಬರೀ ಸಾಲು ಸಾಲಾಗಿ ಜೋಡಿಸಿದ. ಜೋಡಿಸಿದಾಗ ಹನುಮಂತರಾಯನಿಗೇ ಕೇಳಿಸಿತು, ಎಷ್ಟು ಸುಳ್ಳಿನ ಹಾಗಿದೆ. ಲಾರಿಯಂತೆ, ಚಾ ಅಂತೆ, ಒಂದೇ ಶಬ್ದಕ್ಕೆ ಎರಡು ಅರ್ಥವಂತೆ. ಇಂಥ ಅರ್ಜಿಯನ್ನು ಯಾರಾದರೂ ತನ್ನ ಮೇಜಿನ ಮೇಲೆ ಇಟ್ಟಿದ್ದರೆ ಚಂದ ಕಟ್ಟಿದ್ದೀಯಪ್ಪ ಎಂದು ಹಿಂದಕ್ಕೆ ಸರಿಸುತ್ತಿದ್ದ.

“ಖರೇನ ಹೇಳಾಕತ್ತೀನೋ,” ಎಂದ. ದನಿ ಬೇಡುವವನ ದನಿಯಾಗಿತ್ತು, ಅವನಿಗೆ ನಾಚಿಕೆಯಾಯಿತು.

“ಹೇಳ್ರಿ, ನಾ ಬ್ಯಾಡ ಅನ್ನಂಗಿಲ್ಲ.” ವೆಂಕಟರತ್ನಂ ತಟ್ಟೆಯನ್ನು ಪಕ್ಕಕ್ಕಿಟ್ಟ. “ರಾಯ್ರ, ಬಡೀತದ ಅಂತ ಖಾತ್ರಿ ಆದಾಗ ಯಾವ ಡ್ರೈವರೂ ತನ್ನ ಬಾಜೂ ಬಡಸಂಗಿಲ್ಲ. ಪಕ್ಕದಾಂವನ ಬಾಜೂ ತಿರುವ್ತಾನ. ಕೈ ತಾನ ತಿರುವ್ತದ, ಅವ ತಿರುವಂಗಿಲ್ಲ. ಅದು ಆಸ್ಪತ್ರ್ಯಾಗ ಮಲಗಿದಾಗ ನನಗ ತಿಳೀತು. ಸಿಟ್ಟು ಬಂದಿತ್ತು, ಆಮ್ಯಾಲ ಹೋತು. ನಾ ಸ್ಟೇರಿಂಗ್ ಹಿಡದಿದ್ರೂ ಹಂಗ ಮಾಡ್ತಿದ್ದೆ ಅಂತ ಬಿಟ್ಟುಬಿಟ್ಟೆ. ಅಯ್ಯಪ್ಪ ಸಾವುಕಾರ್ರು ಸಾಯೂತನಕ ಕೇಳಿದ್ರು, ಏನಾತೋ ಅಂತ. ಧೂಳಿತ್ತು ಅಂದೆ. ಹೆಂಡ್ತಿ ಮುಂದ ಸೈತ ಧೂಳಿತ್ತು ಅಂತನ ಹೇಳೀನಿ. ನೀವು ನನ್ನ ಬಗ್ಗೆ ಊರಾಗ ಏನು ಮಾತಾಡೀರಿ ಅಂತನೂ ನನಗ ಗೊತ್ತದ. ಅದನ್ನೂ ಬಿಟ್ಟೆ. ಆದ್ರ ಈಗ ಬಂದು, ನೀ ತೆಲುಗು ಮಾತಾಡಿ ಅದಕ್ಕ ನಿನ್ನ ಕೈ ಹೋತು ಅಂತ ನನ್ನ ಮ್ಯಾಲ ಹಾಕಬ್ಯಾಡ್ರಿ.”

ಹನುಮಂತರಾಯ ತಟ್ಟೆ ಕೆಳಗಿಟ್ಟ. ತಾನು ಅವನನ್ನು ಕಳ್ಳನೆಂದು ಊರೂರು ದನಿ ತಗ್ಗಿಸಿ ಸೂಚಿಸಿಕೊಂಡು ತಿರುಗುವಾಗ, ಅವನು ತನ್ನನ್ನು ಅದಕ್ಕಿಂತ ಕೆಟ್ಟವನೆಂದು ತಿಳಿದುಕೊಂಡೂ ಯಾರ ಮುಂದೆಯೂ ಬಾಯಿ ಬಿಡದೆ ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತಾ ಕೂತಿದ್ದ. ಇಲ್ಲ, ನಾನು ನಿನ್ನ ಬದಿಗೆ ತಿರುಗಿಸಲಿಲ್ಲ ಎಂದು ಕೂಗಬೇಕು ಅನ್ನಿಸಿತು. ಆದರೆ ಎಡಗೈ ತೆಗೆದದ್ದು ನಿಜ, ಬಾಟಲಿಯ ಕಡೆಗೆ ಇಡೀ ಮೈ ಎಡಕ್ಕೆ ವಾಲಿದ್ದೂ ನಿಜ. ಬಾಟಲಿಗಾಗಿ ವಾಲಿತೋ, ಕಲ್ಲು ಕಂಡು ವಾಲಿತೋ, ಈಗ ಯಾರು ಹೇಳಬೇಕು. ಕೈ ತಾನೇ ತಿರುಗಿಸುತ್ತದೆ ಎಂದ ಮೇಲೆ ತನಗೆ ಮಾತ್ರ ಹೇಗೆ ಗೊತ್ತಿರುತ್ತದೆ? ಮೊದಲ ಸಲ ಅವನಿಗೆ ತನ್ನ ಮೇಲೆಯೇ ಸಂಶಯ ಬಂತು. ಬೇರೆಯವರ ಮೇಲೆ ಬಂದ ಯಾವ ಸಂಶಯವೂ ಇಷ್ಟು ತಣ್ಣಗೆ ಬಂದಿರಲಿಲ್ಲ.

ವೀರೇಶ ಹಲ್ಲು ಬಿಡುತ್ತಾ ಬಂದ. “ರತ್ನಂ ಸರ್, ನಿಮ್ಮ ಆಟೋದಾಂವ ಇನ್ನೂ ಬಂದಿಲ್ಲಂತ. ಬಿಸಿಲು ನೋಡ್ರಿ ಹೆಂಗದ. ಸರ್ ಕಡೆ ಗಾಡಿ ಐತಲ್ಲ, ಕ್ಯಾಂಪಿನ ತನಕ ಅವರ ಬಿಡ್ತಾರ. ಹಳೇ ಜೋಡಿ.”

“ಬಿಡ್ತೀನಿ,” ಎಂದು ಹನುಮಂತರಾಯ ಬೇಗ ಎದ್ದ. ವೆಂಕಟರತ್ನಂ ಬೇಡ ಎನ್ನುವುದಕ್ಕೆ ಬಾಯಿ ತೆರೆದು, ಸುತ್ತ ಜನ ನೋಡುತ್ತಿದ್ದುದರಿಂದ ಸುಮ್ಮನಾದ. ಹನುಮಂತರಾಯ ಗಾಡಿಯ ಹತ್ತಿರ ಮುಂದಾಗಿ ಹೋಗಿ, ಎಡಗಡೆಯ ಮುಂಬಾಗಿಲು ತೆರೆದು, ಸೀಟಿನ ಮೇಲಿದ್ದ ತನ್ನ ಹಾರ, ಬುಟ್ಟಿ ಎಲ್ಲ ಎತ್ತಿಕೊಂಡು, ಸೀಟಿನ ಧೂಳು ಕೈಯಲ್ಲೇ ಒರೆಸಿ, ಬಾಗಿಲು ಹಿಡಿದು ನಿಂತ. ವೆಂಕಟರತ್ನಂ ಬಂದ. ತೆರೆದ ಬಾಗಿಲನ್ನು ನೋಡಿದ. ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಡ್ರೈವರ್ ಸೀಟಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತ. ವೀರೇಶ ನಗುತ್ತಲೇ ಇದ್ದ, ಅವನಿಗೆ ಏನೂ ಕಾಣಲಿಲ್ಲ. ಹನುಮಂತರಾಯ ಹಾರ, ಬುಟ್ಟಿಯನ್ನು ಮತ್ತೆ ಆ ಸೀಟಿನ ಮೇಲೆ ಇಟ್ಟು ಬಾಗಿಲು ಮುಚ್ಚಿದ.

ಊರು ದಾಟಿದರು. ಗದ್ದೆಗಳು ಶುರುವಾದವು. ಕನ್ನಡಿಯಲ್ಲಿ ವೆಂಕಟರತ್ನಂನ ಹಣೆ ಮಾತ್ರ ಕಾಣುತ್ತಿತ್ತು. ಗಾಡಿಯನ್ನು ಎತ್ತಿನ ಬಂಡಿಯ ಹಾಗೆ ನಡೆಸುತ್ತಿದ್ದರೂ ಬೆನ್ನಿನ ಹಿಂದೆ ಅವನು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದದ್ದು ಹನುಮಂತರಾಯನ ಬೆನ್ನಿಗೆ ಗೊತ್ತಾಗುತ್ತಿತ್ತು. ಗೊರೇಬಾಳದ ಕಡೆಯ ದಾರಿಗಳೆಲ್ಲ ಈಗ ಬದಲಾಗಿದ್ದವು, ಎಲ್ಲಿ ನೋಡಿದರೂ ಹೊಸ ಮನೆ, ಹೊಸ ಡಾಂಬರು. ಮುಂದೆ ದಾರಿ ಕವಲಾಯಿತು.

“ಯಾವ ಕಡೀಗಿ?” ಎಂದು ಹನುಮಂತರಾಯ ಕೇಳಿದ.

ಎರಡು ಸೀಟುಗಳ ನಡುವಿನಿಂದ ಆ ಸೊಟ್ಟ ಕೈ ಮುಂದೆ ಬಂತು, ಬೆರಳು ಚಾಚಿತು. ಮೊಣಕೈ ನೆಟ್ಟಗಾಗದ ಕೈ. ಅದು ಸೀದಾ ಎನ್ನುತ್ತಿತ್ತೋ ಬಲಕ್ಕೆ ಎನ್ನುತ್ತಿತ್ತೋ ತಿಳಿಯಲಿಲ್ಲ. ಹನುಮಂತರಾಯ ಗಾಡಿ ನಿಲ್ಲಿಸಿದ. ಹಿಂದೆ ಭತ್ತದ ಟ್ರ್ಯಾಕ್ಟರೊಂದು ಬಂದು ನಿಂತು ಹಾರ್ನು ಹೊಡೆಯತೊಡಗಿತು.

“ಬಾಯಿ ಬಿಟ್ಟು ಹೇಳೋ, ರತ್ನಾ,” ಎಂದ.

ಕೈ ಹಾಗೆಯೇ ಚಾಚಿಕೊಂಡಿತ್ತು.